ತಲೆದಿಂಬಿನ ಟವೆಲ್ಲು

…ಆ ಟವೆಲ್ಲಿಗೆ ಹಳದಿ ಪಟ್ಟಿ ಇತ್ತು ಎಂದು ಬರೆಯಲು ಹೊರಟವಳು ನಿಲ್ಲಿಸಿದ್ದೇನೆ. ಪಟ್ಟಿ ಇರಲೇ ಇಲ್ಲವೇನೋ. ನಿನ್ನೆ, ನಾಶಿಕದ ನಮ್ಮ ಮೇಲಿನ ಮನೆಗೆ ಹೊಸದಾಗಿ ಬಂದವರು ಬಾಲ್ಕನಿಯ ತಂತಿಗೆ ಸೋಲಾಪುರ ಟವೆಲ್ಲೊಂದನ್ನು ಒಣಹಾಕಿದ್ದರು. ಹಳದಿ ಪಟ್ಟಿ ಅದರಿಂದಲೇ ಬಂದು ನನ್ನ ನೆನಪಿಗೆ ಅಂಟಿಕೊಂಡಿರಬಹುದು. ಆದರೆ ಅದೇ ತಂತಿಯ ಮೇಲೆ ವರ್ಷಗಳ ಹಿಂದೆ ದಿನಾ ಬೆಳಿಗ್ಗೆ ಒಂದು ಟವೆಲ್ಲು ಒಣಗುತ್ತಿತ್ತು, ಅದನ್ನು ಕಂಡು ನನಗೆ ಹೊಟ್ಟೆ ಉರಿಯುತ್ತಿತ್ತು. ಇಷ್ಟು ನಿಜ.

ಅದು ಆಗ ಮೇಲಿನ ಮನೆಯಲ್ಲಿದ್ದ, ನಾವು ಕಾಕು ಎಂದು ಕರೆಯುತ್ತಿದ್ದ ಹೆಂಗಸು ರಾತ್ರಿ ದಿಂಬಿನ ಮೇಲೆ ಹಾಸಿಕೊಳ್ಳುತ್ತಿದ್ದ ಟವೆಲ್ಲು. ಗದಗದ ಕಡೆಯವರು, ಗಂಡ ಬ್ಯಾಂಕಿನಲ್ಲಿದ್ದರು. ಕಾಕುವಿಗೂ ನನ್ನ ಅಣ್ಣನಿಗೂ ಒಂದೇ ಕಾಯಿಲೆ: ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸುವುದು. ಅಣ್ಣ ಸಾತಪುರದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದವನು. ಮಷೀನು ತನ್ನನ್ನು ಬೈಯುತ್ತದೆ ಎಂದು ಕೆಲಸ ಬಿಟ್ಟ. ಇಲ್ಲಿನ ಆಸ್ಪತ್ರೆಯಲ್ಲಿ ಕೊಟ್ಟ ಗುಳಿಗೆಗಳು ಅವನ ಕೈಕಾಲು ಸೆಟೆಯುವಂತೆ ಮಾಡಿದವೇ ಹೊರತು ದನಿಗಳನ್ನು ನಿಲ್ಲಿಸಲಿಲ್ಲ. ಕಾಕುವೇ ನಮ್ಮನ್ನು ತಾವು ತೋರಿಸಿಕೊಳ್ಳುತ್ತಿದ್ದ ಸಂಭಾಜಿನಗರದ ಡಾಕ್ಟರ ಬಳಿ ಕರೆದೊಯ್ದರು.

ಬೇರೆ ಗುಳಿಗೆಗಳು ಸೋತ ಮೇಲೆ ಕೊಡುವುದು ಇದು, ಕ್ಲೋಜಪಿನ್, ಎಂದರು ಡಾಕ್ಟರು. ಕೆಲವರಲ್ಲಿ ರಕ್ತದ ಬಿಳಿಕಣಗಳು ಇಳಿದುಬಿಡುತ್ತವೆ, ಆಗ ಸಣ್ಣ ಸೋಂಕೂ ಜೀವ ತೆಗೆಯಬಹುದು. ಅದಕ್ಕೇ ಮೊದಮೊದಲು ವಾರವಾರ ರಕ್ತ ಪರೀಕ್ಷೆ. ಜ್ವರ, ಗಂಟಲುನೋವು ಬಂದರೆ ಕಾಯಬೇಡಿ. ಮಲಬದ್ಧತೆಯಾದರೂ ಹೇಳಿ. ನೀವಾಗಿ ಬಿಡಬೇಡಿ. ನಿದ್ದೆ, ತೂಕ, ಜೊಲ್ಲು ಹೆಚ್ಚಾಗಬಹುದು…

ಹೊರಗೆ ಬಂದು, ಅದೇ ಗುಳಿಗೆಯ ಮೇಲಿದ್ದ ಕಾಕು ನಕ್ಕರು. “ಎಂಥಾ ಜೊಲ್ಲವಾ ತಂಗಿ! ರಾತ್ರಿ ಆತಂದ್ರ ನನ್ನ ಬಾಯಾಗ ಜಾಯಕವಾಡಿ ಡ್ಯಾಮಿನ ಗೇಟ್ ತಗೀತಾವ. ಆದ್ರ ತಲಿಯಾಗಿನ ಮಂದಿ ಎಲ್ಲಾ ಅದರಾಗ ಕೊಚ್ಚಿಕೊಂಡು ಹೋದ್ರು ನೋಡು.”

ಅಣ್ಣನ ದಿಂಬೂ ಒದ್ದೆಯಾಗತೊಡಗಿತು. ನಾನೂ ಟವೆಲ್ಲು ಹಾಸಿದೆ. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಅವನು ಚಹಾ ಒಂದು ಗುಟುಕು ಕುಡಿದು, ಮುಖ ಕಿವುಚಿ, “ಏ, ಸಕ್ಕರಿ ಹಾಕೀಯೋ ಇಲ್ಲೋ?” ಎಂದ. ವರ್ಷಗಳಿಂದ ಅವನು ಸಾರಿಗೆ ಉಪ್ಪಿಲ್ಲ ಎಂದು ಕೂಡ ಅಂದವನಲ್ಲ. ನಾನು ಒಲೆಯ ಮುಂದೆ ನಿಂತು ಅತ್ತೆ. ಅಥವಾ ಅಳಲಿಲ್ಲ, ಅಳುವನ್ನು ಆಮೇಲೆ ಸೇರಿಸಿಕೊಂಡೆನೋ…

ಮಳೆ ಶುರುವಾಗುವ ಮೊದಲೇ ಅವನಿಗೆ ಜ್ವರ ಬಂತು, ಗಂಟಲು ನೋವು. ಬಿಳಿಕಣಗಳು ಇಳಿದಿದ್ದವು. ಡಾಕ್ಟರು ಅಂದೇ ಗುಳಿಗೆ ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದರು. ಬದುಕಿದ. ಆದರೆ ಆ ಗುಳಿಗೆ ಅವನಿಗೆ ಇನ್ನೆಂದೂ ಇಲ್ಲ. ಕಾಕುವಿಗೆ ಒಗ್ಗಿದ್ದು ಇವನಿಗೇಕೆ ಒಗ್ಗಲಿಲ್ಲ ಎಂದು ಡಾಕ್ಟರನ್ನು ಕೇಳಿದೆ. ಅದನ್ನು ಮೊದಲೇ ಹೇಳಲು ಬರುವುದಿಲ್ಲ ಎಂದರು. ದನಿಗಳು ಮರಳಿದವು. ಅವನ ದಿಂಬು ಒಣಗಿತು.

ಮೇಲಿನ ತಂತಿಯಲ್ಲಿ ಮಾತ್ರ ಟವೆಲ್ಲು ತಪ್ಪಲಿಲ್ಲ. ಕಾಕು ತರಕಾರಿ ಮಾರುವ ಭಾಜಿಯವನ ಜೊತೆ ಚೌಕಾಸಿ ಮಾಡುವುದು ಕೇಳಿಸುತ್ತಿತ್ತು, ಪೈಠಣಿ ಸೀರೆ ಉಟ್ಟು ಯಾರದೋ ಮದುವೆಗೆ ಹೊರಡುವುದು ಕಾಣುತ್ತಿತ್ತು. ಅವರ ರಕ್ತ ಕೆಡಲಿ ಎಂದು ನಾನು ಬಯಸಲಿಲ್ಲ. ಅಂಥ ರಕ್ತ ಅಣ್ಣನದಾಗಿರಬೇಕಿತ್ತು ಎಂದಷ್ಟೇ. ಎರಡರ ನಡುವೆ ಎಷ್ಟು ದೂರವಿದೆಯೋ, ನಾನು ಅಳೆದು ನೋಡಿಲ್ಲ.

ಒಂದು ಮಧ್ಯಾಹ್ನ ಮೇಲೆ ಹೋಗಿ ಅವರ ಗುಳಿಗೆಯಲ್ಲಿ ಅರ್ಧ ಕೇಳಿದೆ. ಅಥವಾ ಕೇಳುವ ಮೊದಲೇ ಅವರಿಗೆ ತಿಳಿಯಿತು. ಡಬ್ಬಿಯನ್ನು ಸೆರಗಿನಡಿ ಸರಿಸಿಕೊಂಡರು.

“ಕಡಾ ಕೊಡಾಕ ಇದೇನ ಸಕ್ಕರಿ ಅಲ್ಲವಾ. ನಿಮ್ಮಣ್ಣ ಸತ್ತುಗಿತ್ತಾನು.”

“ನಿಮಗೇನ್ರೀ ಕಾಕು. ನೀವು ಆರಾಮ ಅದೀರಿ.”

“ಹೂಂ, ಅದೀನಿ. ಅದಕ್ಕಽ ನಿನ್ನ ಮಾರಿ ನೋಡಾಕ ಆಗವಲ್ದು ನನಗ.”

ಮುಂದಿನ ಚಳಿಗಾಲದಲ್ಲೋ, ಅದರ ಮುಂದಿನದರಲ್ಲೋ, ಒಂದು ಬೆಳಿಗ್ಗೆ ತಂತಿ ಖಾಲಿ ಇತ್ತು. ಹೊಟ್ಟೆ ಉಬ್ಬಿ, ವಾಂತಿಯಾಗಿ ಕಾಕುವನ್ನು ಆಸ್ಪತ್ರೆಗೆ ಒಯ್ದಿದ್ದರು. ಕರುಳು ಕೆಲಸ ನಿಲ್ಲಿಸಿಬಿಟ್ಟಿತ್ತು. ಅವರು ಮನೆಗೆ ಬರಲಿಲ್ಲ. ಆ ಗುಳಿಗೆ ಕರುಳನ್ನೂ ಮಂದ ಮಾಡಬಲ್ಲದು ಎಂದು ಆಮೇಲೆ ಅರ್ಥವಾಯಿತು. ಡಾಕ್ಟರು ಹೇಳಿಯೇ ಇದ್ದರು. ನಾವೆಲ್ಲ ರಕ್ತವನ್ನೇ ಕಾಯುತ್ತಿದ್ದೆವು. ಜೊಲ್ಲಿನ ಬಗ್ಗೆ ಅಷ್ಟು ತಮಾಷೆ ಮಾಡುತ್ತಿದ್ದ ಕಾಕು, ಸಂಡಾಸಿನ ಮಾತನ್ನು ಗಂಡಸು ಡಾಕ್ಟರ ಎದುರು ಎತ್ತಿದ್ದರೋ ಇಲ್ಲವೋ… ಅವರ ಗಂಡನಿಗೂ ಗೊತ್ತಿರಲಿಲ್ಲ.

ಕಾಕು ಇಲ್ಲ. ಹೊಟ್ಟೆಕಿಚ್ಚು ಇದೆ. ಆ ಕೆಲವು ವರ್ಷ ಅವರು ಪೂರ್ತಿ ಅವರಾಗಿ ಇದ್ದರಲ್ಲ!

ಅಣ್ಣ ಈಗ ಬೇರೆ ಗುಳಿಗೆಯ ಮೇಲಿದ್ದಾನೆ. ಶಾಂತವಾಗಿದ್ದಾನೆ, ಕೊಟ್ಟದ್ದನ್ನು ಉಣ್ಣುತ್ತಾನೆ. ನಿನ್ನೆ ಆ ಟವೆಲ್ಲು ಕಂಡ ಮೇಲೆ ನಾನು ಬೇಕಂತಲೇ ಅವನ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಎದುರಿಗೇ ಕೂತು ನೋಡಿದೆ. ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟ. ರುಚಿ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಾದನೋ, ನನಗೆ ಗೊತ್ತಿಲ್ಲ.