ವ್ಯಾನಿಗೆ ಕಟ್ಟಿದ ಬಿಳಿ ನೆರಳು

ಮೊನ್ನೆ ನಮ್ಮ ಮನೆಯ ಇನ್ವರ್ಟರ್ ಬ್ಯಾಟರಿಗೆ ನೀರು ತುಂಬಲು ಅಂಗಡಿಯವನು ಬಂದಿದ್ದ. ಒಂದೊಂದೇ ಮುಚ್ಚಳ ತಿರುಗಿಸಿ ತೆಗೆದಂತೆ ಹುಳಿಹುಳಿಯಾದ, ಗಂಟಲಿಗೆ ಚುಚ್ಚುವ ವಾಸನೆ ಪಡಸಾಲೆಗೆಲ್ಲ ಹರಡಿತು. ಕಿಟಕಿ ತೆಗೆಯಲು ಹೋದವಳು ಅಲ್ಲೇ ನಿಂತುಬಿಟ್ಟೆ. ಎದುರಿಗೆ ಈಗ ದೊಡ್ಡ ಕಟ್ಟಡ ಎದ್ದಿದೆ. ಆದರೆ ಆ ಗಳಿಗೆಯಲ್ಲಿ ನನಗೆ ಕಂಡದ್ದು ಹಳೆಯ ಮಾಳಿಗೆ ಮನೆ... ಅದರ ಮುಂದೆ ನಿಂತ ಒಂದು ವ್ಯಾನು.

ಎಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಹೊಸಪೇಟೆಗೆ ಬಂದಾಗ ಆ ಎದುರುಮನೆಯವರನ್ನು ದೊಡ್ಡಪ್ಪ, ದೊಡ್ಡವ್ವ ಎಂದು ಕರೆಯುವ ರೂಢಿಯಾಯಿತು. ರಕ್ತಸಂಬಂಧವೇನಲ್ಲ. ದೊಡ್ಡಪ್ಪ ಕಾಲುವೆ ಕಚೇರಿಯ ಜೀಪು ಓಡಿಸಿ ನಿವೃತ್ತರಾದವರು. ಕಂಪ್ಲಿ ಕಡೆ ಕಾಲುವೆ ನೀರಿನ ಗದ್ದೆ ಇತ್ತು, ಊಟಕ್ಕೆ ಮಿಕ್ಕುವಷ್ಟು ಭತ್ತ ಬರುತ್ತಿತ್ತು. ಮಕ್ಕಳಿರಲಿಲ್ಲ. ದೊಡ್ಡವ್ವನಿಗೆ ದಮ್ಮಿನ ಕಾಯಿಲೆ. ಮುಖಕ್ಕೆ ಫ್ಯಾನಿನ ಗಾಳಿ ಬಡಿಯದಿದ್ದರೆ ಆಕೆಗೆ ಕಣ್ಣು ಹತ್ತುತ್ತಿರಲಿಲ್ಲ.

ಆಕೆಗೆ ಇದ್ದದ್ದು ಒಂದೇ ಆಸೆ, ಶ್ರೀಶೈಲ. ಯುಗಾದಿ ಹೊತ್ತಿಗೆ ನಮ್ಮ ಕಡೆಯ ಜನ ಗುಂಪುಗುಂಪಾಗಿ ಮಲ್ಲಯ್ಯನ ಗುಡ್ಡಕ್ಕೆ ನಡೆದು ಹೋಗುವಾಗ ಆಕೆ ಕಟ್ಟೆಯ ಮೇಲೆ ಕುಳಿತು ಅವರಿಗೆ ಮಜ್ಜಿಗೆ ಕೊಟ್ಟು ಕೈ ಮುಗಿಯುತ್ತಿದ್ದಳು. ನಡೆಯುವುದಂತೂ ಆಗದ ಮಾತು. ಬಸ್ಸಿನಲ್ಲಿ ಹೋದರೆ ಛತ್ರದಲ್ಲಿ ಇಳಿದುಕೊಳ್ಳಬೇಕು. ಅಲ್ಲಿ ಒಲೆ ಹೊಗೆ, ಜನದ ಒತ್ತಡ, ಫ್ಯಾನು ಇದ್ದರುಂಟು, ಇಲ್ಲದಿದ್ದರಿಲ್ಲ. ಅದಕ್ಕೇ ದೊಡ್ಡಪ್ಪ ಹಳೆಯ ವ್ಯಾನೊಂದನ್ನು ಕೊಂಡು ತಂದರು.

“ಏನ್ ದೊಡ್ಡಪ್ಪ, ಟ್ರಿಪ್ ಹೊಡಿತೀರೇನ್ರಿ?” ಎಂದು ಓಣಿಯವರು ಕೇಳಿದರೆ, “ಹೂಂ, ಒಂದ ಟ್ರಿಪ್. ಪ್ಯಾಸೆಂಜರೂ ಒಬ್ಬಾಕೀನ” ಎನ್ನುತ್ತಿದ್ದರು.

ಸೀಟು ಕಿತ್ತು ಮಂಚ ಕೂರಿಸಿದರು. ಮಂಚದ ಕೆಳಗೆ ಎರಡನೆಯ ಬ್ಯಾಟರಿ. ಗಾಡಿ ಓಡುವಾಗ ಅದಕ್ಕೂ ಚಾರ್ಜ್ ಆಗಬೇಕು, ಗಾಡಿ ನಿಂತ ಮೇಲೆ ಅದರಿಂದಲೇ ಸಣ್ಣ ಫ್ಯಾನು ತಿರುಗಬೇಕು, ಹಾಗೆ ವೈರು ಎಳೆದು ನಡುವೆ ಒಂದು ಸ್ವಿಚ್ ಇಟ್ಟರು. “ಎಂಜಿನ್ ನಿಂತ ಕೂಡ್ಲೆ ಇದನ್ನ ಬಂದ್ ಮಾಡಬೇಕ. ಇಲ್ಲಂದ್ರ ನಿನ್ನ ಫ್ಯಾನು ಗಾಡಿ ಬ್ಯಾಟ್ರಿನೂ ಕುಡದು ಕುಂದರ್ತದ” ಎಂದು ಹೆಂಡತಿಗೆ ಪಾಠ ಹೇಳುತ್ತಿದ್ದರು. ಚಾರ್ಜ್ ಆಗುವಾಗ ಏಳುವ ಆ ಹುಳಿ ವಾಸನೆಗೆ ದೊಡ್ಡವ್ವ ಕೆಮ್ಮಿ ಕೆಮ್ಮಿ ಸಾಕಾದಳು. ದೊಡ್ಡಪ್ಪ ಬೈಯಲಿಲ್ಲ, ಬೇಜಾರು ಮಾಡಿಕೊಳ್ಳಲಿಲ್ಲ. ಎಲ್ಲ ಬಿಚ್ಚಿ, ಗಾಡಿಯ ಹೊರಗೆ ಕಬ್ಬಿಣದ ಪೆಟ್ಟಿಗೆ ಕೂಡಿಸಿ ಬ್ಯಾಟರಿಯನ್ನು ಅದರಲ್ಲಿಟ್ಟರು.

ನೆರಳಿನದೂ ಹಾಗೇ. ಮರಿಯಮ್ಮನಹಳ್ಳಿಯಲ್ಲಿ ಲಾರಿಗಳಿಗೆ ತಾಡಪತ್ರಿ ಹೊಲಿಯುವವರಿಂದ ಒಂದು ಹೊಲಿಸಿ ತಂದರು. ಅದರ ವಾಸನೆಯೂ ಆಕೆಗೆ ಆಗಲಿಲ್ಲ. ಕಡೆಗೆ ದಪ್ಪ ಬಿಳಿ ಬಟ್ಟೆ ತಂದು, ವ್ಯಾನಿನ ಚಾವಣಿಯಂಚಿಗೆ ಪೈಪು ಕಟ್ಟಿ ಅದಕ್ಕೆ ಸುತ್ತಿಟ್ಟರು. ಬೇಕೆಂದಾಗ ಎಳೆದು, ಮುಂದೆ ಎರಡು ಕೋಲು ಊರಿ, ಹಗ್ಗ ಬಿಗಿದರೆ ಚಪ್ಪರವಾಗುತ್ತಿತ್ತು.

ಯುಗಾದಿ ಹತ್ತಿರ ಬಂದಿತ್ತು. ಹೊರಡುವ ಮುಂಚೆ ಒಂದು ದಿನ ಎಲ್ಲವನ್ನೂ ಪರೀಕ್ಷೆ ಮಾಡಬೇಕೆಂದು ದೊಡ್ಡಪ್ಪ ಮನೆ ಮುಂದೆಯೇ ಚಪ್ಪರ ಬಿಚ್ಚಿದರು. ಮಟಮಟ ಮಧ್ಯಾಹ್ನ. ಫ್ಯಾನು ಹಾಕಿಕೊಂಡು ಮಲಗಿದ ದೊಡ್ಡವ್ವನಿಗೆ ಒಳ್ಳೆಯ ನಿದ್ದೆ ಹತ್ತಿತು. ನೋಡಲು ಬಂದ ನಮಗೆಲ್ಲ ಆ ನೆರಳಿನಲ್ಲಿ ಕುರ್ಚಿ, ಚಾಪೆ ಹಾಕಿ, “ಅಕಿ ಮಲಗ್ಯಾಳ, ಗದ್ಲ ಮಾಡಬ್ಯಾಡ್ರಿ” ಎಂದರು. ನಾವು ಸೆರಗು ಬಾಯಿಗಿಟ್ಟುಕೊಂಡು ಪಿಸುಪಿಸು ಮಾತಾಡುತ್ತ ಕುಳಿತೆವು.

ಅದೇ ಹೊತ್ತಿಗೆ ದೊಡ್ಡಪ್ಪನ ತಂಗಿ ಬುಕ್ಕಸಾಗರದಿಂದ ಸಂತೆಗೆಂದು ಬಂದವಳು ಓಣಿಯ ಬಾಯಲ್ಲಿ ಹಾದಳು. ಗದ್ದೆಯ ಪಾಲಿನ ಮಾತಿಗೆ ಮುನಿಸಿಕೊಂಡು ಬಹಳ ವರ್ಷಗಳಿಂದ ಆ ಮನೆ ಮೆಟ್ಟಿಲು ತುಳಿಯದವಳು. ಆಕೆಗೆ ಕಂಡದ್ದು ಇಷ್ಟು: ಅಣ್ಣನ ಮನೆ ಮುಂದೆ ಬಿಳಿ ಬಟ್ಟೆ, ಕೆಳಗೆ ಕುರ್ಚಿ, ತಲೆ ತಗ್ಗಿಸಿ ಕುಳಿತ ಹೆಂಗಸರು. ಕೈಲಿದ್ದ ಚೀಲ ಅಲ್ಲೇ ಒಗೆದು, ಎದೆ ಬಡಿದುಕೊಳ್ಳುತ್ತ ಓಡಿಬಂದಳು.

“ಅಯ್ಯೋ ನಮ್ಮವ್ವಾ! ನನ್ನ ಮಾತಾಡಸ್ಲಾರದ ಹೋಗಿಬಿಟ್ಟೆಲ್ಲೇ ವೈನಿ!”

ನಾವು ಏನೆಂದು ತಿಳಿದುಕೊಳ್ಳುವುದರೊಳಗೆ ಆಕೆ ಚಪ್ಪರದ ಕೆಳಗೆ ಬಿದ್ದು ಉರುಳಾಡುತ್ತಿದ್ದಳು. ವ್ಯಾನಿನ ಪರದೆ ಸರಿಯಿತು. ಕೂದಲು ಕೆದರಿದ ದೊಡ್ಡವ್ವ ನಿದ್ದೆಗಣ್ಣಲ್ಲಿ ಹೊರಗೆ ಇಣುಕಿ ಕೇಳಿದಳು: “ಯಾರ ಸತ್ರವ್ವಾ?”

ಉರುಳಾಡುತ್ತಿದ್ದವಳು ತಟ್ಟನೆ ಎದ್ದು ಕೂತಳು. ಆಮೇಲೆ ತಂಗಿ ಕೂತಲ್ಲಿಂದಲೇ ಬೈದಳು: “ಸತ್ತಿಲ್ಲಂದ್ರ ಸತ್ತಿಲ್ಲಂತ ಹೇಳಬಾರದೇನ!”

“ಜೀವ ಇದ್ದಾಗ ಬರಲಾರದಾಕಿ, ಸತ್ತೀನಂದ್ರ ಓಡಿ ಬಂದೆಲ್ಲ ನನ್ನವ್ವ. ಕುಂದ್ರು, ಚಾ ಕುಡಿ.” ದೊಡ್ಡವ್ವ ನಗಲು ಹೋಗಿ ಕೆಮ್ಮಿದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುವುದೋ ಅಳುವುದೋ ತಿಳಿಯದಂತಾದರು. ದೇವರು ಎಂಥ ದಾರಿಯಲ್ಲಿ ಮುರಿದದ್ದನ್ನು ಕೂಡಿಸಿದ ಎಂದು ನನ್ನ ಕಣ್ಣೂ ತುಂಬಿತು.

ಆದರೆ ದೊಡ್ಡಪ್ಪ ನಗಲಿಲ್ಲ. ಚಪ್ಪರದ ಕೋಲು ಹಿಡಿದು ನಿಂತವರು ನಿಂತೇ ಇದ್ದರು. ಮುಖದಲ್ಲಿ ರಕ್ತವಿರಲಿಲ್ಲ.

“ಸುಳ್ಳ ಸಾವಿನ ಸುದ್ದಿ ಎದ್ರ ಆಯುಷ್ಯ ಗಟ್ಟಿ ಆಕ್ಕತಿ, ಚಲೋನ ಆತು ಬಿಡ್ರಿ” ಎಂದರು ನಮ್ಮತ್ತೆ. ಪಕ್ಕದ ಮನೆಯ ಮುದುಕಿ ಒಪ್ಪಲಿಲ್ಲ. “ಅಳು ಬಿದ್ದ ಚಪ್ಪರ ಅದು. ಅದನ್ನ ಕಟ್ಕೊಂಡು ದೇವರ ದಾರಿ ಹಿಡಿಬಾರದು” ಎಂದಳು. ದೊಡ್ಡಪ್ಪನ ಕಿವಿಗೆ ಎರಡನೆಯ ಮಾತಷ್ಟೇ ಬಿತ್ತೋ ಏನೋ. ಸಂಜೆ ಬಟ್ಟೆ ಸುತ್ತಿ ಕಟ್ಟಿದರು. ಈ ವರ್ಷ ಬೇಡ ಎಂದರು.

ಮರುದಿನ ದೊಡ್ಡವ್ವ ನಮ್ಮ ಅಡುಗೆಮನೆ ಬಾಗಿಲಿಗೆ ಬಂದಳು. “ಯವ್ವಾ, ನೀನರ ಹೇಳ. ಬ್ಯಾರೆ ಬಟ್ಟಿ ಹೊಲಸ್ರಿ, ಬಣ್ಣದ್ದು ಹೊಲಸ್ರಿ ಅಂದೆ. ಬರೋ ವರ್ಷ ಅಂತಾರ. ಬರೋ ವರ್ಷ ನನ್ನ ಕೈಯಾಗ ಐತೇನ?”

ನಾನು ಹೋಗಿ ಹೇಳಿದೆ. ದೊಡ್ಡಪ್ಪ ಸುತ್ತಿಟ್ಟ ಬಟ್ಟೆಯ ಹಗ್ಗವನ್ನು ಇನ್ನಷ್ಟು ಬಿಗಿದರು. “ನಿನ್ನೆ ಅಕಿ ಹೋದಂಗ ನಾ ಕಂಡೀನವ್ವ... ಆ ಘಾಟಿನಾಗ, ಆ ಅಡವಿನಾಗ ಹಂಗ ಆದ್ರ ನಾ ಏನ್ ಮಾಡ್ಲಿ?” ಎಂದರು. ಊರೂರು ಜೀಪು ಓಡಿಸಿದ ಗಟ್ಟಿ ಮನುಷ್ಯ. ಮುಖ ಆ ಕಡೆ ತಿರುಗಿಸಿ ನಿಂತರು. ನಾನು ತಿರುಗಿ ಮನೆಗೆ ಬಂದೆ.

ಆ ವರ್ಷದ ಮಳೆಗಾಲದಲ್ಲಿ ದೊಡ್ಡವ್ವ ತನ್ನ ಮನೆಯ ಮಂಚದ ಮೇಲೆಯೇ ತೀರಿಕೊಂಡಳು. ಮಳೆ ಹನಿಯುತ್ತಿದ್ದರೂ ಬಂದ ಜನಕ್ಕೆ ಮನೆ ಮುಂದೆ ಶಾಮಿಯಾನ ಹಾಕಲು ದೊಡ್ಡಪ್ಪ ಬಿಡಲಿಲ್ಲ. ನಾವು ನೆನೆಯುತ್ತಲೇ ಕುಳಿತೆವು. ಈ ಸಲ ತಂಗಿಯ ಬಾಯಿಂದ ಅಳು ಬರಲಿಲ್ಲ...

ಆಮೇಲೂ ವ್ಯಾನು ಮನೆ ಮುಂದೆಯೇ ನಿಂತಿತ್ತು. ದೊಡ್ಡಪ್ಪ ದಿನಾ ವ್ಯಾನು ಶುರು ಮಾಡಿ ಸ್ವಲ್ಪ ಹೊತ್ತು ಬಿಡುತ್ತಿದ್ದರು. ಎಂಜಿನ್ ನಿಂತ ಮೇಲೆ ಒಳಗೆ ಫ್ಯಾನು ತಿರುಗುತ್ತಿತ್ತು. ಮಂಚದ ಮೇಲೆ ಹಾಸಿಗೆ, ಮಡಿಸಿಟ್ಟ ದುಪ್ಪಟಿ, ಅಲ್ಲಾಡುವ ಪರದೆ. ಓಣಿಯ ಮಕ್ಕಳು ಆ ಕಡೆ ಸುಳಿಯುತ್ತಿರಲಿಲ್ಲ. ನಾನು ಪಾತ್ರೆ ತಿಕ್ಕುತ್ತ ಕುಳಿತರೆ ಆ ಫ್ಯಾನಿನ ಕರ್ ಕರ್ ಸದ್ದು ಕೇಳುತ್ತಿತ್ತು. ಯಾಕೆ ದೊಡ್ಡಪ್ಪ ಎಂದರೆ, “ಬ್ಯಾಟ್ರಿ ಕೆಲಸ ಮಾಡ್ಲಿಲ್ಲಂದ್ರ ಕೆಡ್ತದವ್ವ” ಎನ್ನುತ್ತಿದ್ದರು.

ಮುಂದಿನ ಯುಗಾದಿಗೆ ಒಬ್ಬರೇ ಶ್ರೀಶೈಲಕ್ಕೆ ಹೋಗಿಬಂದರು. ಪ್ರಸಾದ ಕೊಡಲು ಬಂದವರು ಹೊಸ್ತಿಲಲ್ಲೇ ಕುಳಿತರು.

“ಗಿಡದ ಕೆಳಗ ಗಾಡಿ ನಿಂದ್ರಿಸಿ, ಬಟ್ಟಿ ಬಿಚ್ಚಿ ಹೊರಗ ಕುಂತೆ. ಒಳಗ ಫ್ಯಾನು ತಿರಗ್ತಿತ್ತು. ಅಕಿ ಮಲಗ್ಯಾಳ ಅನಸ್ತು.”

“ದರ್ಶನ ಆತೇನ್ರಿ ದೊಡ್ಡಪ್ಪ?”

“ಅಕಿನ ಎಬ್ಬಸಬೇಕಲ್ಲವ್ವ. ಎಬ್ಬಸ್ಲಿಲ್ಲ. ಗುಡಿ ಕಡೆ ಕೈ ಮುಗದು ಬಂದೆ.”

ಅವರೂ ಹೆಚ್ಚು ವರ್ಷ ಬದುಕಲಿಲ್ಲ. ವ್ಯಾನನ್ನು ಸಂಡೂರು ಕಡೆಯವರು ಯಾರೋ ಕೊಂಡು ಹೋದರು.

ನನಗೆ ದೇವರು ಯಾವುದರಲ್ಲೂ ಕಡಿಮೆ ಮಾಡಿಲ್ಲ. ಈ ವಯಸ್ಸಿನಲ್ಲೂ ಕಣ್ಣು ಕಾಣುತ್ತದೆ, ನನ್ನ ಕೈಯಾರೆ ರೊಟ್ಟಿ ಬಡಿಯುತ್ತೇನೆ, ಮಾತಾಡಿಸಿದರೆ ಉತ್ತರ ಕೊಡುವವರು ಮನೆಯಲ್ಲಿದ್ದಾರೆ. ಶ್ರೀಶೈಲಕ್ಕೂ ಎರಡು ಸಲ ಹೋಗಿಬಂದೆ. ಅಲ್ಲಿ ಮಲ್ಲಯ್ಯನನ್ನು ಕೈಯಿಂದ ಮುಟ್ಟಿ, ಹಣೆ ತಾಗಿಸುವ ಪದ್ಧತಿ. ಮೊದಲ ಸಲ ನನಗಾಗಿ ಹಣೆ ಇಟ್ಟೆ. ಹೋದ ವರ್ಷ ಎರಡನೆಯ ಸಲ ಬಗ್ಗಿದಾಗ, “ಇದು ದೊಡ್ಡವ್ವಂದು, ತಂದೆ” ಎಂದೆ. ಕಲ್ಲು ತಣ್ಣಗಿತ್ತು. ಹಿಂದಿನವರು ತಳ್ಳಿದರು, ಹೊರಗೆ ಬಂದು ಕಂಬಕ್ಕೊರಗಿ, ದೊಡ್ಡಪ್ಪನಿಗೆ ಅನಿಸಿದಂತೆ ಆಕೆ ಹತ್ತಿರವಿದ್ದಾಳೆಂದು ನನಗೂ ಅನಿಸೀತೇ ಎಂದು ಕಣ್ಣು ಮುಚ್ಚಿ ಕಾದೆ.

ಆಕೆ ಬಂದಳೆಂದು ಅನಿಸಲಿಲ್ಲ.