ಆಕ್ಸಲ್ ಬಿಚ್ಚಿಟ್ಟ ಕಾರು

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಕಾಪುವಿನ ಮನೆಯ ಎದುರು ಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟರು. ರಾತ್ರಿಯೂ ಹಾಕುತ್ತಿರಲಿಲ್ಲ. ಮನೆ ಹೆದ್ದಾರಿಯಿಂದ ಕೂಗಳತೆಯ ದೂರದಲ್ಲಿದೆ, ಇರುವುದು ಅವರೊಬ್ಬರೇ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಚಾವಡಿಯಲ್ಲಿ ಕುಡಿದ ಅಪರಿಚಿತನೊಬ್ಬ ಮಲಗಿದ್ದ. ಅವನಿಗೆ ಚಾ ಕೊಟ್ಟು ಕಳಿಸಿದರಂತೆ. ಇನ್ನೊಮ್ಮೆ ಗ್ಯಾಸ್ ಸಿಲಿಂಡರ್ ಕಳುವಾಯಿತು. ಇಂಥ ಸುದ್ದಿಗಳನ್ನು ತಿದ್ದುತ್ತಲೇ ನನ್ನ ವಯಸ್ಸು ಪತ್ರಿಕೆಯ ಡೆಸ್ಕಿನಲ್ಲಿ ಕಳೆದಿದೆ. ಇವುಗಳ ನಂತರ ಬರುವ ಸುದ್ದಿ ಹೇಗಿರುತ್ತದೆ ಎಂಬುದು ನನಗೆ ಗೊತ್ತಿತ್ತು.

"ಅತ್ತಿಗೆ, ಇವತ್ತಿನಿಂದ ಚಿಲಕ ಹಾಕಿ."

"ಹಾಕಿದರೆ ಇವರು ಒಳಗೆ ಬರುವುದು ಹೇಗೆ? ಬಾಗಿಲು ಬಡಿಯುವ ಜನವಾ ಇವರು?"

"ಕಳ್ಳರು ಬರುತ್ತಾರೆ."

"ಬರಲಿ ಮಾರಾಯ. ಬಂದು ಇವರ ಆ ಹಳೇ ಕಾರನ್ನೊಮ್ಮೆ ಸ್ಟಾರ್ಟ್ ಮಾಡಿ ತೋರಿಸಲಿ. ಬಹುಮಾನ ಕೊಡುತ್ತೇನೆ."

ನಮ್ಮ ಮನೆಮಾತು ತುಳು. ಆಡಿದ್ದನ್ನು ಆದಷ್ಟು ಹಾಗೆಯೇ ಕನ್ನಡಕ್ಕೆ ತಂದಿದ್ದೇನೆ.

ಅಣ್ಣ ಬಾಗಿಲು ಬಡಿಯುತ್ತಿರಲಿಲ್ಲ ಎಂಬುದು ನಿಜ. ಅವನು ಮೀನಿಗೆ ಬೇಕಾದ ಐಸ್ ಮಾಡುವ ಪ್ಲಾಂಟ್ ನಡೆಸುತ್ತಿದ್ದ. ಮನೆಗೆ ಬರುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಬರುತ್ತಿದ್ದುದು ಇಬ್ಬರೇ ಕುಳಿತುಕೊಳ್ಳಬಹುದಾದ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ. ಊರು ಬಿಡುತ್ತಿದ್ದ ಮಣಿಪಾಲದ ವೈದ್ಯರೊಬ್ಬರಿಂದ ಅದನ್ನು ಕೊಂಡಿದ್ದ. ಎಂಜಿನ್ ಹಿಂದೆ ಇರುವ ಕಾರು. ಹಿಂದಿನ ಒಂದೊಂದು ಚಕ್ರಕ್ಕೂ ಒಂದೊಂದು ಆಕ್ಸಲ್, ಅದರ ಎರಡು ತುದಿಗೂ ಒಂದೊಂದು ಸಿವಿ ಜಾಯಿಂಟ್. ಚಕ್ರ ಏರಿಳಿದರೂ ತಿರುಗುವುದು ತಪ್ಪದಂತೆ ಆ ಜಾಯಿಂಟಿನೊಳಗೆ ಉಕ್ಕಿನ ಗುಂಡುಗಳು ಓಡಾಡುತ್ತವೆ. ಸವೆದರೆ ಸದ್ದು ಮಾಡುತ್ತವೆ. ರಸ್ತೆಯಿಂದ ನಮ್ಮ ಅಂಗಳಕ್ಕೆ ಸಿಮೆಂಟಿನ ಸಣ್ಣದೊಂದು ಏರು ಉಂಟು. ಮೊದಲ ಗೇರಿನಲ್ಲಿ ಅದನ್ನು ಹತ್ತುವಾಗ ಕಾರು ಟಕ್, ಟಕ್, ಟಕ್ ಎನ್ನುತ್ತಿತ್ತು. ಸದ್ದು ಕೇಳಿದೊಡನೆ ಅತ್ತಿಗೆ ಎದ್ದು ಚಿಲಕ ತೆಗೆಯುತ್ತಿದ್ದರು. ಎಷ್ಟೋ ವರ್ಷ ಅದೇ ಕ್ರಮ.

ಅಣ್ಣ ಸತ್ತದ್ದು ಕಾರ್ಕಳದಲ್ಲಿ, ಸಂಬಂಧಿಕರ ಮದುವೆಯ ಊಟದ ಪಂಕ್ತಿಯಲ್ಲಿ. ಅಂದು ಬಸ್ಸಿನಲ್ಲಿ ಹೋಗಿದ್ದ. ಆಂಬುಲೆನ್ಸಿನಲ್ಲಿ ಬಂದ ದೇಹವನ್ನು ಅಂಗಳದಲ್ಲಿ ಮಲಗಿಸಿ, ಅಲ್ಲಿಂದಲೇ ಎತ್ತಿಕೊಂಡು ಹೋದೆವು. ಸತ್ತವರನ್ನು ಮತ್ತೆ ಮನೆಯೊಳಗೆ ಕರೆಯುವುದು ನಮ್ಮಲ್ಲಿ ಬೊಜ್ಜದ, ಎಂದರೆ ಉತ್ತರಕ್ರಿಯೆಯ ದಿನ. ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, ಹೆಸರು ಹಿಡಿದು, ಒಳಗೆ ಬಾ ಎನ್ನುತ್ತಾರೆ. ಅಣ್ಣನನ್ನು ಕರೆದವರು ನಮ್ಮ ಸೋದರಮಾವ.

"ನಿಮ್ಮ ಮಾವ ಕರೆದರೆ ಇವರು ಬರುವುದುಂಟಾ?" ಎಂದಿದ್ದರು ಅತ್ತಿಗೆ. "ಬದುಕಿದ್ದಾಗ ಅವರ ಫೋನೇ ಎತ್ತುತ್ತಿರಲಿಲ್ಲ."

ದೀಪ ಹಚ್ಚುವ ಹೊತ್ತಿಗೆ ಏರಿನಲ್ಲಿ ಕಾರಿನ ಸದ್ದು ಕೇಳುತ್ತದೆ, ಅಂಗಳದ ಅಂಚಿನವರೆಗೆ ಬಂದು ನಿಲ್ಲುತ್ತದೆ, ಆಮೇಲೆ ಯಾರೂ ಬರುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಅದನ್ನು ಹೇಳುವಾಗ ಅವರ ಧ್ವನಿಯಲ್ಲಿ ಭಯವಿರಲಿಲ್ಲ. ಕಾಯಿಸುವವರ ಮೇಲಿನ ಬೇಸರವಿತ್ತು, ಅಷ್ಟೆ.

ನಾನು ವಿಚಾರಿಸಿ ನೋಡಿದೆ. ಪಕ್ಕದ ಮನೆಯ ಪಂಪ್ ಆ ಹೊತ್ತಿಗೆ ಓಡುವುದಿಲ್ಲ. ಹೆದ್ದಾರಿಯ ಲಾರಿಗಳ ಸದ್ದು ಬೇರೆ. ಉಳಿದ ಕಾರಣ ನಾನೇ. ಬ್ಯಾಟರಿ ಇಳಿದುಹೋಗಬಾರದೆಂದು ಪ್ರತಿ ಭಾನುವಾರ ಕಾಪುವಿಗೆ ಹೋಗಿ ಕಾರನ್ನು ಪಡುಬಿದ್ರಿಯವರೆಗೆ ಓಡಿಸಿ ತರುತ್ತಿದ್ದೆ. ಹಿಂದಿರುಗುವಾಗ ಏರಿನಲ್ಲಿ ಅದೇ ಟಕ್ ಟಕ್. ಕಿವಿಯಲ್ಲಿ ಅದು ವಾರವಿಡೀ ಉಳಿಯುತ್ತಿರಬೇಕು. ಜಾಯಿಂಟ್ ಸರಿಮಾಡಿದರೆ ಸದ್ದು ನಿಲ್ಲುತ್ತದೆ, ಸದ್ದು ನಿಂತರೆ ಚಿಲಕ ಬೀಳುತ್ತದೆ. ಹೀಗೆ ಯೋಚಿಸಿ ಕಾರನ್ನು ಉಡುಪಿಯ ಬನ್ನಂಜೆಯಲ್ಲಿರುವ ನನ್ನ ಮನೆಗೆ ತಂದೆ.

ಅಣ್ಣನಿಗೆ ಒಮ್ಮೆ ಸ್ಪ್ಯಾನರ್ ಎತ್ತಿಕೊಟ್ಟು ಈ ಕೆಲಸ ಕಲಿತಿದ್ದೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ. ಬೋಲ್ಟಿನ ತಲೆಯ ಕುಳಿಯಲ್ಲಿ ತುಂಬಿದ ಮಣ್ಣು ಮತ್ತು ಗ್ರೀಸನ್ನು ಮೊಳೆಯಿಂದ ಕೆದಕಿ ತೆಗೆಯಬೇಕು. ಇಲ್ಲದಿದ್ದರೆ ಅಲೆನ್ ಕೀ ಜಾರಿ ತಲೆ ಸವೆದುಹೋಗುತ್ತದೆ, ಮತ್ತೆ ಆ ಬೋಲ್ಟ್ ಯಾರಿಗೂ ಬಗ್ಗುವುದಿಲ್ಲ. ಎರಡೂ ಆಕ್ಸಲ್ ಇಳಿಸಿ ಜಗಲಿಯಲ್ಲಿ ಹಳೆಯ ಪತ್ರಿಕೆಗಳ ಮೇಲೆ ಮಲಗಿಸಿದೆ. ಜಾಯಿಂಟುಗಳ ಮೇಲಿನ ರಬ್ಬರ್ ಬೂಟುಗಳು ಹರಿದು, ಕಾಪುವಿನ ಮರಳು ಒಳಗೆ ಸೇರಿತ್ತು.

ಇಂಥ ಕಾರುಗಳಲ್ಲಿ ಒಂದು ಉಪಾಯ ಉಂಟು. ಕಾರು ಹೆಚ್ಚಾಗಿ ಮುಂದಕ್ಕೇ ಓಡುವುದರಿಂದ ಗುಂಡುಗಳ ದಾರಿ ಒಂದೇ ಮಗ್ಗುಲಲ್ಲಿ ಸವೆಯುತ್ತದೆ. ಎಡದ ಆಕ್ಸಲನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದರೆ ಸವೆಯದ ಮಗ್ಗುಲು ಕೆಲಸಕ್ಕೆ ಬಂದು, ಹಳೆಯ ಜಾಯಿಂಟಿಗೆ ಎರಡನೆಯ ಆಯುಷ್ಯ ಸಿಗುತ್ತದೆ. ನಾನು ಹಾಗೆ ಮಾಡುವವನಿದ್ದೆ. ಅಣ್ಣ ಆಕ್ಸಲುಗಳ ಮೇಲೆ ಬಿಳಿ ಪೇಂಟಿನಲ್ಲಿ ಎಡದ್ದಕ್ಕೆ 'ಎ', ಬಲದ್ದಕ್ಕೆ 'ಬ' ಎಂದು ಬರೆದದ್ದು ನೆನಪಿತ್ತು. ಒರೆಸಿ ನೋಡಿದರೆ, ಎಡದಿಂದ ಇಳಿಸಿದ ಆಕ್ಸಲಿನ ಮೇಲೆ 'ಬ' ಇತ್ತು. ಅವನು ಯಾವಾಗಲೋ ಅದಲುಬದಲು ಮಾಡಿಬಿಟ್ಟಿದ್ದ, ಒಬ್ಬನೇ. ಉಗುರಿನಿಂದ ಸವರಿದಾಗ ಗುಂಡುಗಳ ದಾರಿಯ ಎರಡೂ ಮಗ್ಗುಲಲ್ಲಿ ತಗ್ಗು ಸಿಕ್ಕಿತು. ಎರಡನೆಯ ಆಯುಷ್ಯವೂ ಮುಗಿದಿತ್ತು.

ಗುಂಡುಗಳನ್ನು ಅವುಗಳ ದಾರಿಯ ಎದುರೇ ಸಾಲಾಗಿ ಇಟ್ಟೆ. ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು. ಸೀಮೆಎಣ್ಣೆಯಲ್ಲಿ ತೊಳೆಯುವ ಮೊದಲು, ಒಂದು ಜಾಯಿಂಟಿನ ಮುಚ್ಚಳದ ಮೂಲೆಯಲ್ಲಿ ಗಟ್ಟಿಯಾದ ಹಳೆಯ ಗ್ರೀಸ್ ಕಂಡಿತು. ಅದರಲ್ಲಿ ಹೆಬ್ಬೆರಳು ಒತ್ತಿದ ಗುರುತು ಇತ್ತು, ಗೆರೆಗಳ ಸಮೇತ. ಹೊಸ ಗ್ರೀಸ್ ತುಂಬುವಾಗ ಹೀಗೆಯೇ ಒತ್ತಬೇಕು ಎಂದು ಅವನೇ ನನಗೆ ತೋರಿಸಿದ್ದ. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ತೊಳೆದೆ. ಕಪ್ಪು ಗ್ರೀಸನ್ನು ಹೆಬ್ಬೆರಳಿನಿಂದ ಒತ್ತಿ, ಇನ್ನೊಂದು ಬದಿಯಿಂದ ಹೊರಬರುವವರೆಗೆ ತುಂಬಿದೆ. ದಪ್ಪ ಗ್ರೀಸ್ ಸವೆತವನ್ನು ವಾಸಿ ಮಾಡುವುದಿಲ್ಲ, ಸದ್ದನ್ನು ಕೆಲವು ಕಾಲ ಅಡಗಿಸುತ್ತದೆ. ನನಗೆ ಬೇಕಾದದ್ದು ಅಷ್ಟೇ. ರಬ್ಬರ್ ಬೂಟುಗಳು ಉಡುಪಿಯಲ್ಲಿ ಸಿಗಲಿಲ್ಲ. ಕೊರಿಯರಿನಲ್ಲಿ ಬರುವವರೆಗೆ ಜಾಯಿಂಟುಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟೆ.

ಆ ವಾರದಲ್ಲೇ ಅತ್ತಿಗೆಯ ಫೋನ್ ಬಂತು.

"ನಿನ್ನೆ ಸಂಜೆ ಏರಿನವರೆಗೆ ಬಂದು ತಿರುಗಿ ಹೋದದ್ದು ಎಂತಕ್ಕೆ? ಒಂದು ಚಾ ಕುಡಿಯಲಿಕ್ಕೂ ಪುರುಸೊತ್ತಿಲ್ಲವಾ ನಿನಗೆ?"

"ನಾನು ಬಂದಿಲ್ಲ ಅತ್ತಿಗೆ."

"ಕಾರಿನ ಸದ್ದು ಕೇಳಿತಲ್ಲ."

"ಕಾರಿಗೆ ಆಕ್ಸಲೇ ಇಲ್ಲ. ಬಿಚ್ಚಿಟ್ಟಿದ್ದೇನೆ."

"ಹಾಗಾದರೆ ಒಮ್ಮೆ ಬಾ" ಎಂದರು.

ಒಂದು ಜಾಯಿಂಟನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಕಾಪುವಿಗೆ ಹೋದೆ. ಕಣ್ಣಾರೆ ಕಂಡರೆ ನಂಬುತ್ತಾರೆ ಎಂದುಕೊಂಡಿದ್ದೆ. ಚಾವಡಿಯ ಮೇಜಿನ ಮೇಲೆ ಅದನ್ನಿಟ್ಟು ತಿರುಗಿಸಿ ತೋರಿಸಿದೆ. "ನೋಡಿ, ಸದ್ದು ಮಾಡುತ್ತಿದ್ದುದು ಇಂಥದ್ದೇ. ಇದು ಇಲ್ಲದೆ ಆ ಕಾರು ಒಂದಡಿ ಮುಂದೆ ಹೋಗಲಾರದು."

"ಒಂದಡಿಯೂ?"

"ಒಂದಡಿಯೂ."

ಅತ್ತಿಗೆ ಬೆರಳಿಗೆ ಗ್ರೀಸ್ ತಾಗಿಸಿ ಮೂಸಿ ನೋಡಿದರು. "ಇದೇ ವಾಸನೆ. ಸೋಪು ಹಾಕಿದರೂ ಹೋಗುತ್ತಿರಲಿಲ್ಲ" ಎಂದು ಸೆರಗಿಗೆ ಒರೆಸಿಕೊಂಡರು. ಆಮೇಲೆ ದೀಪ ಹಚ್ಚಲು ಎದ್ದರು. ನಾನು ಬಾಗಿಲ ಬಳಿ ಹೋಗಿ ಹೊರಗೆ ನೋಡುತ್ತ ನಿಂತೆ. ಏರಿನಲ್ಲಿ ಏನೂ ಇರಲಿಲ್ಲ. ಸಮುದ್ರದ ಸದ್ದು, ಹೆದ್ದಾರಿಯ ಸದ್ದು. ನನಗೆ ಕೇಳಿಸಿದ್ದು ಅಷ್ಟೇ ಎಂದು ಸ್ಪಷ್ಟವಾಗಿ ಬರೆಯುತ್ತೇನೆ.

ಅತ್ತಿಗೆ ಕಡ್ಡಿ ಗೀರುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಕೇಳಿತಾ?"

ನಾನು ಇಲ್ಲ ಎನ್ನುವಷ್ಟರಲ್ಲಿ ಅವರು ನನ್ನ ಹಿಂದೆ ಬಂದು ನಿಂತಿದ್ದರು. ಹೆಸರು ಹಿಡಿಯಲಿಲ್ಲ. ದಿನಾ ಊಟಕ್ಕೆ ಕರೆಯುವ ಧ್ವನಿಯಲ್ಲೇ ಅಂಗಳದ ಕಡೆ ಹೇಳಿದರು:

"ಎಷ್ಟು ಹೊತ್ತು ಅಲ್ಲೇ ನಿಲ್ಲುವುದು ಮಾರಾಯ್ರೆ? ಒಳಗೆ ಬನ್ನಿ. ನಿಮ್ಮ ಕಾರನ್ನು ತಮ್ಮ ಬಿಚ್ಚಿಹಾಕಿದ್ದಾನೆ. ಇನ್ನು ತಿರುಗಿ ಹೋಗಲಿಕ್ಕೆ ಗಾಡಿ ಇಲ್ಲ ನಿಮಗೆ."

ಬಾಗಿಲಿಗೆ ಅಡ್ಡವಾಗಿ ನಿಂತಿದ್ದವನು ನಾನು. ದಾರಿ ಬಿಟ್ಟು ಪಕ್ಕಕ್ಕೆ ಸರಿದಿದ್ದೆ ಎಂಬುದು ಸರಿದ ಮೇಲೆ ಗೊತ್ತಾಯಿತು.

ಒಬ್ಬರು ಚಪ್ಪಲಿ ಕಳಚುವಷ್ಟು ಹೊತ್ತು ಕಾದು, ಅತ್ತಿಗೆ ಬಾಗಿಲು ಮುಚ್ಚಿ ಚಿಲಕ ಹಾಕಿದರು.