ಕೇಳಿದರೆ ಒಂದು ದಾಳ ಹೆಚ್ಚು

ಯಾರನ್ನಾದರೂ ಒಂದು ಸಹಾಯ ಕೇಳಬೇಕೆಂದರೆ ನನಗೆ ಅಂಗೈ ಬೆವರುತ್ತದೆ. ಊಟಿಯ ಚಳಿಯಲ್ಲೂ ಬೆವರುತ್ತದೆ ಅಂದರೆ ನೀವೇ ಯೋಚಿಸಿ. ಬಸ್ಸಿನಲ್ಲಿ "ಸ್ವಲ್ಪ ಸರ್ಕೊಳ್ಳಿ" ಎನ್ನಲಾರದೆ ಕೋತಗಿರಿಯವರೆಗೆ ಅರ್ಧ ಸೀಟಿನಲ್ಲಿ ಕೂತು ಹೋದ ಗಂಡಸು ನಾನು. ಪುರಾಣದ ವೀರರು ಕಷ್ಟ ಬಂದರೆ ಮಂತ್ರ ಹೇಳಿ ದೇವತೆಗಳನ್ನೇ ಕರೆಸುತ್ತಿದ್ದರು. ಅವರಿಗೆ ಸುಮ್ಮನೆ ತೊಂದರೆ ಯಾಕೆ ಎಂದು ಒಬ್ಬ ವೀರನೂ ಹಿಂಜರಿದದ್ದು ನಾನು ಕೇಳಿಲ್ಲ.

ಇಂಥ ನನ್ನನ್ನು ಮಗಳು ಸಹನಾ ಭಾನುವಾರ ಮಧ್ಯಾಹ್ನದ ಆಟವೊಂದಕ್ಕೆ ಎಳೆದು ಕೂರಿಸಿದ್ದಾಳೆ. ಅವಳು ಕಥೆ ಹೇಳುತ್ತಾಳೆ. ನಾವು ಅದರೊಳಗಿನ ಪಾತ್ರಗಳಾಗಿ, ಏನು ಮಾಡುತ್ತೇವೆಂದು ಹೇಳಿ ದಾಳ ಹಾಕಬೇಕು. ಪ್ರತಿ ಪಾತ್ರಕ್ಕೂ ಒಂದು ಹಾಳೆ, ಹಾಳೆಯಲ್ಲಿ ಸಂಬಂಧಗಳ ಪಟ್ಟಿ. ಕಷ್ಟದಲ್ಲಿ ಅವರಲ್ಲೊಬ್ಬರನ್ನು ಬಾಯಿಬಿಟ್ಟು ಕೇಳಿದರೆ ಅವರ ಪಾಲಿನ ಒಂದು ದಾಳ ಹೆಚ್ಚು ಸಿಗುತ್ತದೆ. ಕೇಳಿಯೂ ಸೋತರೆ ಆ ಸಂಬಂಧವನ್ನೇ ಹೊಡೆದುಹಾಕಬೇಕು. ನಾನು ಆರು ವಾರ ಆಡಿಯೂ ಒಬ್ಬರನ್ನೂ ಕೇಳಿರಲಿಲ್ಲ. ಒಮ್ಮೆ ಹಸಿವಿನಿಂದ ಸತ್ತೂ ಹೋದೆ, ಅದೂ ಪಟ್ಟಿಯಲ್ಲಿದ್ದ ಅತ್ತೆಯ ಮನೆ ಬಾಗಿಲಲ್ಲೇ.

ಆಟದಲ್ಲಿ ನನಗೆ ಅಣ್ಣನಾಗಿರುವವನು ಇತ್ತಲಾರು ಹಟ್ಟಿಯ ಭೋಜಣ್ಣ. ಹೊರಗೆ ಅವನು ನನ್ನ ಇಪ್ಪತ್ತು ವರ್ಷದ ಸ್ನೇಹಿತ, ಟೀ ಬೆಳೆಯುವ ಬಡಗ ಸಮುದಾಯದವನು, ಒಂದು ಜೀಪಿನ ಒಡೆಯ. ಎರಡು ತಿಂಗಳಿಂದ ನನ್ನೊಡನೆ ಮಾತು ಬಿಟ್ಟಿದ್ದ. ನನ್ನ ಹೆಂಡತಿಯ ಆಪರೇಷನ್‌ಗೆ ನಾನು ಅವನ ಜೀಪ್ ಕೇಳದೆ ಟ್ಯಾಕ್ಸಿ ಮಾಡಿಕೊಂಡು ಕೊಯಮತ್ತೂರಿಗೆ ಹೋದದ್ದೇ ತಪ್ಪು. ಅವನ ಹಟ್ಟಿಯಲ್ಲಿ ಕಷ್ಟಕ್ಕೆ ಕರೆಯದಿರುವುದೆಂದರೆ ನೀನು ನಮ್ಮವನಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಸಹನಾ ಕರೆದಳೆಂದು ಆಟಕ್ಕೆ ಬರುತ್ತಿದ್ದ, ಅಷ್ಟೆ. "ನಿಮ್ಮಪ್ಪಂಗೆ ದಾಳ ಹಾಕಕ್ಕೆ ಹೇಳಮ್ಮ" ಎಂದು ಎಲ್ಲ ಅವಳ ಮೂಲಕವೇ. ಸ್ನೇಹ ಹೀಗೇ ಮುಗಿದುಹೋಗುತ್ತದೇನೋ ಎಂದು ನನಗೆ ದಿಗಿಲು.

ಮೊನ್ನೆ ಭಾನುವಾರ ನನ್ನ ಪಾತ್ರ ತೂಗುಸೇತುವೆಯಿಂದ ಜಾರಿ ಹಗ್ಗ ಹಿಡಿದು ನೇತಾಡುತ್ತಿತ್ತು.

"ಏನ್ ಮಾಡ್ತೀಯಪ್ಪ?" ಎಂದಳು ಸಹನಾ.

ಒಬ್ಬನೇ ಹತ್ತುತ್ತೇನೆ ಎನ್ನಲು ಬಾಯಿ ತೆರೆದವನು ಭೋಜಣ್ಣನ ಮುಖ ನೋಡಿದೆ. ಅವನು ತನ್ನ ದಾಳವನ್ನು ಆಗಲೇ ಕೈಯಲ್ಲಿ ಹಿಡಿದು ಕೂತಿದ್ದ.

"ಅಣ್ಣಾ, ನನ್ನ ಮೇಲಕ್ಕೆ ಎಳ್ಕೊಳ್ಳೋ" ಎಂದೆ.

ಅವನು ಹಾಕಿದ. ನಾನೂ ಹಾಕಿದೆ. ಎರಡರಲ್ಲೂ ಒಂದು! ಹಗ್ಗ ಕಿತ್ತು ಇಬ್ಬರೂ ಹೊಳೆಗೆ ಬಿದ್ದೆವು. ನಿಯಮ ಅಂದರೆ ನಿಯಮ ಎಂದು ಸಹನಾ ನಮ್ಮ ಅಣ್ಣತಮ್ಮಂದಿರ ಸಂಬಂಧದ ಮೇಲೆ ಪೆನ್ಸಿಲ್ ಗೆರೆ ಎಳೆದಳು. ಅಯ್ಯೋ, ಜನ್ಮಕ್ಕೊಂದು ಸಲ ಕೇಳಿದ್ದಕ್ಕೆ ಇದೇ ಗತಿಯೇ ಎಂದು ನನಗೆ ಅಳುವೇ ಬಂತು. ಭೋಜಣ್ಣ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಬಿದ್ರೆ ಬಿದ್ದೆವು, ಬಾಯಿಬಿಟ್ಟು ಕೇಳಿದೆಯಲ್ಲ ಮಾರಾಯ!"

ಎರಡು ತಿಂಗಳಲ್ಲಿ ನನಗೇ ಎಂದು ಅವನಾಡಿದ ಮೊದಲ ಮಾತು ಅದು. ತಡಮಾಡಿದರೆ ನನ್ನ ಧೈರ್ಯದ ಹಣೆಬರಹ ನನಗೆ ಗೊತ್ತಿದ್ದುದರಿಂದ ಒಂದೇ ಉಸಿರಿಗೆ ಹೇಳಿಬಿಟ್ಟೆ: "ಗುರುವಾರ ಇವಳಮ್ಮನ್ನ ಮತ್ತೆ ಕೊಯಮತ್ತೂರಿಗೆ ಕರ್ಕೊಂಡು ಹೋಗ್ಬೇಕು ಭೋಜಣ್ಣ. ಜೀಪ್ ತರ್ತೀಯಾ?"

ಅವನ ನಗು ನಿಂತಿತು. ನನ್ನ ಜೀವವೂ.

"ಬೆಳಿಗ್ಗೆ ಎಷ್ಟು ಮಣಿಗೆ ಬರ್ಲಿ?" ಎಂದ.

ಗುರುವಾರಕ್ಕೆ ಆಗಲೇ ಟ್ಯಾಕ್ಸಿಯವನಿಗೆ ಬರಹೇಳಿದ್ದೆ ಎಂಬುದನ್ನು ನಾನು ಅವನಿಗೆ ಹೇಳಿಲ್ಲ. ಇದೊಂದು ಸಹಾಯ ಮಾಡಿ: ನೀವೂ ಹೇಳಬೇಡಿ.